ಕ್ಲಚ್ ಟೀಚರ್ ಕಾರಿನ ಬ್ರೇಕ್

ಬೆಟ್ಟದ ರಸ್ತೆಯ ಒಂಬತ್ತನೇ ತಿರುವಿನಲ್ಲಿ ಬಿಳಿ ಕಾರೊಂದು ಬಂಡೆಗೆ ಒರಗಿ ನಿಂತಿತ್ತು. ಎಡಭಾಗ ಕಾಗದದಂತೆ ಮುದುಡಿತ್ತು. ಬಲಭಾಗಕ್ಕೆ ಒಂದು ಗೀರೂ ಬಿದ್ದಿರಲಿಲ್ಲ. ಎಂಜಿನ್ ಆರಿತ್ತು. ಇಂಡಿಕೇಟರ್ ಮಾತ್ರ ಇನ್ನೂ ಟಕ್ ಟಕ್ ಎನ್ನುತ್ತಿತ್ತು, ಒಳಗಿದ್ದವರು ಈಗಲೋ ಆಗಲೋ ತಿರುಗಿಸಿಕೊಂಡು ಹೊರಡುತ್ತಾರೆ ಎಂಬಂತೆ.

ಮೊದಲು ನೋಡಿದವನು ಹಾಲಿನ ಲಾರಿಯವನು. ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಠಾಣೆಗೆ ಫೋನ್ ಮಾಡಿದ. ಒಂಬತ್ತೂವರೆಗೆ ಇನ್‌ಸ್ಪೆಕ್ಟರ್ ಅಲ್ಲಿದ್ದಳು. ಕಾರಿನ ನೆತ್ತಿಯ ಮೇಲಿದ್ದ ಕೆಂಪು ಫಲಕ ಕಂಡೊಡನೆ ಅವಳ ಕಾಲು ನಿಂತುಬಿಟ್ಟವು. ಹನ್ನೊಂದು ವರ್ಷದ ಹಿಂದೆ ಆ ಫಲಕದಡಿ ಕೂತೇ ಅವಳು ಕಾರು ಕಲಿತದ್ದು.

"ಕ್ಲಚ್ ಟೀಚರ್," ಎಂದರು ದಫೇದಾರರು, ಟೊಪ್ಪಿ ತೆಗೆದು. "ಜೀವ ಆಗಲೇ ಹೋಗಿದೆ ಮೇಡಂ. ತಲೆ ಕಾರಿನೊಳಗಿನ ಕಂಬಿಗೆ ಬಡಿದಿದೆ."

ಊರಲ್ಲಿ ಸ್ಟೇರಿಂಗ್ ಹಿಡಿದ ಅರ್ಧ ಜನಕ್ಕೆ ಅವರೇ ಗುರು. ಪಾಠದುದ್ದಕ್ಕೂ 'ಕ್ಲಚ್, ಕ್ಲಚ್' ಎಂದು ಕೂಗಿ ಕೂಗಿ ಆ ಹೆಸರೇ ನಿಂತಿತ್ತು. ಒಂಟಿ ಹೆಂಗಸು. ಅರವತ್ತರ ಹತ್ತಿರ. ಕಾರನ್ನು ಮಗುವಿನ ಹಾಗೆ ನೋಡಿಕೊಳ್ಳುತ್ತಿದ್ದವರು.

ಸಾರಿಗೆ ಇಲಾಖೆಯ ತಪಾಸಣಾಧಿಕಾರಿ ಹನ್ನೊಂದಕ್ಕೆ ಬಂದ. ಬಾಗಿಲಿನಿಂದಲೇ ಕೈ ಚಾಚಿ ಬ್ರೇಕ್ ಪೆಡಲ್ ಒತ್ತಿದ. ಮತ್ತೊಮ್ಮೆ ಒತ್ತಿದ. ಬಾನೆಟ್ ಎತ್ತಿ ಇಣುಕಿದ.

"ಕಲ್ಲಿನ ಹಾಗಿದೆ. ಬ್ರೇಕಿಗೇನೂ ಆಗಿಲ್ಲ. ಆಯಿಲ್ ಕೂಡ ತುಂಬಿದೆ. ಒಂದೋ ನಿದ್ದೆ, ಇಲ್ಲಾಂದ್ರೆ…" ಅವನು ಕಣಿವೆಯ ಕಡೆ ನೋಡಿದ. "ಒಂಟಿಯಾಗಿದ್ರು ಅಂದ್ರಲ್ಲ."

ಇನ್‌ಸ್ಪೆಕ್ಟರ್ ಸೀಟುಗಳ ನಡುವೆ ನೋಡುತ್ತಿದ್ದಳು. ಹ್ಯಾಂಡ್ ಬ್ರೇಕ್ ಕೊನೆಯ ಹಲ್ಲಿನವರೆಗೂ ಎಳೆದಿತ್ತು. ಗೇರು ಎರಡರಲ್ಲಿತ್ತು. ಅವಳು ರಸ್ತೆಗೆ ಹೋಗಿ ಕುಕ್ಕುರುಗಾಲಲ್ಲಿ ಕೂತಳು. ಟಾರಿನ ಮೇಲೆ ಎರಡು ತೆಳು ಕಪ್ಪು ಗೆರೆ. ಎರಡೇ.

"ದಫೇದಾರ್ರೇ, ಇವು ಯಾವ ಚಕ್ರದವು?"

ದಫೇದಾರರು ಗೆರೆಗಳ ಜಾಡು ಹಿಡಿದು ಕಾರಿನವರೆಗೆ ನಡೆದರು. "ಹಿಂದಿನವು."

"ಮುಂದಿನ ಚಕ್ರದ್ದು?"

"ಇಲ್ಲ."

"ಹ್ಯಾಂಡ್ ಬ್ರೇಕ್ ಹಿಡಿಯೋದು ಹಿಂದಿನ ಚಕ್ರ ಮಾತ್ರ. ನಿದ್ದೆ ಮಾಡೋರು ಹ್ಯಾಂಡ್ ಬ್ರೇಕ್ ಎಳೀತಾರಾ? ಸಾಯೋಕೆ ಹೊರಟೋರು ಗೇರ್ ಇಳಿಸ್ತಾರಾ? ಇವರು ಬದುಕೋಕೆ ಒದ್ದಾಡಿದಾರೆ. ಕಾಲ ಕೆಳಗಿನ ಬ್ರೇಕ್ ಆ ಹೊತ್ತಿಗೆ ಇರಲಿಲ್ಲ."

"ಈಗ ಇದೆಯಲ್ಲ ಮೇಡಂ?"

ಕೊಂದ ಬ್ರೇಕು ಈಗ ಏನೂ ಅರಿಯದ ಹಾಗೆ ಕೂತಿತ್ತು.

*

ಪ್ರತಿ ಗುರುವಾರ ಮುಂಜಾನೆ ಟೀಚರ್ ಬೆಟ್ಟದ ಮೇಲಿನ ಆಸ್ಪತ್ರೆಗೆ ಹೋಗುತ್ತಿದ್ದರು. ಅಲ್ಲಿಯ ದಾದಿಯೊಬ್ಬಳಿಗೆ ಪಾಠ. ಆ ದಾದಿ ಮಧ್ಯಾಹ್ನ ಠಾಣೆಗೆ ತಾನಾಗಿಯೇ ಬಂದಳು. ಸಮವಸ್ತ್ರ ಕೂಡ ಬದಲಿಸಿರಲಿಲ್ಲ.

"ನಾನೇ ಕೊಂದೆ ಅನ್ನಿಸ್ತಿದೆ ಮೇಡಂ."

"ಕೂತ್ಕೊಳ್ಳಿ. ಏನಾಯ್ತು ಹೇಳಿ."

"ಮೇಲಿಂದ ನಾನು ಓಡಿಸ್ತಿದ್ದೆ. ಇಳಿಜಾರು ಅಂದ್ರೆ ಭಯ. ಬ್ರೇಕ್ ಮೇಲಿಟ್ಟ ಕಾಲು ತೆಗೀಲೇ ಇಲ್ಲ. ಟೀಚರ್ ಬೈತಾನೇ ಇದ್ರು, ಗೇರಲ್ಲಿ ಇಳೀರಿ, ಬ್ರೇಕ್ ಕಾಯುತ್ತೆ ಅಂತ. ಸುಟ್ಟ ವಾಸನೆ ಬಂತು. ಆರನೇ ತಿರುವಿನ ನೀರಿನ ಟ್ಯಾಂಕ್ ಹತ್ರ ನನ್ನ ಮನೆ. ಅಲ್ಲಿ ಇಳಿದೆ. ಎರಡು ನಿಮಿಷ ನಿಂತು ಮಾತಾಡಿದ್ವಿ. ಆಮೇಲೆ ಅವರು ಸ್ಟೇರಿಂಗಿಗೆ ಕೂತು ಹೋದ್ರು. ಕೈ ಬೀಸಿದ್ರು."

"ನೀವಿಳಿಯೋವರೆಗೂ ಬ್ರೇಕ್ ಹಿಡೀತಿತ್ತಾ?"

"ಹಿಡೀತಿತ್ತು. ಕೊನೇಲಿ ಸ್ವಲ್ಪ ಮೆತ್ತಗಾಗಿತ್ತು, ಅಷ್ಟೇ."

"ಕಲಿಯೋರೆಲ್ಲ ಬ್ರೇಕ್ ಕಾಯಿಸ್ತಾರೆ. ನಾನೂ ಇದೇ ಇಳಿಜಾರಲ್ಲಿ ಕಾಯಿಸಿದೀನಿ," ಎಂದಳು ಇನ್‌ಸ್ಪೆಕ್ಟರ್. "ಅದಕ್ಕೆ ಯಾರೂ ಸಾಯಲ್ಲ. ಆ ಕಾರಿನ ಬ್ರೇಕಲ್ಲಿ ಬೇರೆ ಏನೋ ಇತ್ತು. ಏನು ಅಂತ ಗೊತ್ತಾದ ದಿನ ಮೊದಲು ನಿಮಗೇ ಹೇಳ್ತೀನಿ."

ದಾದಿ ತಲೆಯಾಡಿಸಿದಳು. ನಂಬಿದಂತೆ ಕಾಣಲಿಲ್ಲ.

ಸಂಜೆ ಮನೆಗೆ ಮರಳುವಾಗ ಇನ್‌ಸ್ಪೆಕ್ಟರ್ ಪ್ರತಿ ಸಿಗ್ನಲ್ಲಿಗೂ ಮುಂಚೆಯೇ ಬ್ರೇಕ್ ಒತ್ತಿ ನೋಡಿದಳು. ಪೆಡಲ್ ಹಿಡಿಯುತ್ತಿತ್ತು. ಪಕ್ಕದ ಸೀಟಿನ ಕಡೆ ನೋಡಬಾರದು ಎಂದುಕೊಂಡೇ ಎರಡು ಸಲ ನೋಡಿದಳು.

*

ತರಬೇತಿ ಶಾಲೆ ಎಂದರೆ ಒಂದು ಕೋಣೆ, ಹಿಂದೆ ಒಂದು ತಗಡಿನ ಶೆಡ್. ಕೋಣೆಯಲ್ಲಿ ಸಂಚಾರ ಚಿಹ್ನೆಗಳ ಪಟ, ಗಾಳಿ ಒತ್ತಡ ನೋಡುವ ಮೀಟರು, ನೀಟಾಗಿ ಮಡಚಿಟ್ಟ ಒರೆಸುವ ಬಟ್ಟೆ. ಕುರ್ಚಿಯ ಬೆನ್ನಿಗೆ ಟೀಚರ್ ಸ್ವೆಟರ್ ಹಾಗೇ ನೇತಾಡುತ್ತಿತ್ತು. ತೋಳುಗಳಿಗೆ ಮೊಣಕೈ ಮಡಚಿದ ಗುರುತು ಇನ್ನೂ ಉಳಿದಿತ್ತು.

ಶೆಡ್ಡಿನಲ್ಲಿ ಟೀಚರ್ ಕಾರಿನ ಜಾಗ ಖಾಲಿ. ಅದರ ಪಕ್ಕದಲ್ಲಿ ಮಕ್ಕಳ ಶಾಲೆಯ ಹಳದಿ ವ್ಯಾನು. ಅದರ ಚಾಲಕ ಇಪ್ಪತ್ತಾರು ವರ್ಷದಿಂದ ಈ ಶೆಡ್ಡಿನಲ್ಲೇ ವ್ಯಾನು ನಿಲ್ಲಿಸುತ್ತಿದ್ದ. ಮಕ್ಕಳಿಗೆಲ್ಲ ಅವನು ವ್ಯಾನ್ ಮಾಮ. ಇನ್‌ಸ್ಪೆಕ್ಟರಳ ಒಂಬತ್ತು ವರ್ಷದ ಮಗಳೂ ಅವನ ವ್ಯಾನಿನಲ್ಲೇ ಹೋಗುತ್ತಿದ್ದಳು.

"ಅಣ್ಣಾ, ಶೆಡ್ಡಿನ ಕೀ ಯಾರ್ಯಾರ ಹತ್ರ ಇದೆ?" ಎಂದು ಇನ್‌ಸ್ಪೆಕ್ಟರ್ ಕೇಳಿದಳು.

"ಯಾರು… ಓ, ನೀವಾ ಅಮ್ಮಾ." ವ್ಯಾನ್ ಮಾಮ ಎದ್ದು ನಿಂತ. ಕಣ್ಣು ಕೆಂಪಗಿದ್ದವು. "ಟೀಚರ್ ಹತ್ರ, ನನ್ನ ಹತ್ರ. ಮೆಕ್ಯಾನಿಕ್ ಕೂಡ ಬಂದು ಹೋಗ್ತಿರ್ತಾನೆ. ಹಗಲು ಬೀಗ ಎಲ್ಲಿ ಹಾಕ್ತೀವಿ? ಟೀಚರ್ ಇಲ್ಲದ ಶೆಡ್ಡು ನೋಡೋಕಾಗ್ತಿಲ್ಲಮ್ಮಾ."

ಮೇಜಿನ ಮೇಲೆ ಟೀಚರ್ ಪುಸ್ತಕವಿತ್ತು. ಪ್ರತಿ ಭಾನುವಾರದ ತಾರೀಕು, ಕೆಳಗೆ ಅದೇ ಕೈಬರಹ: ಎಂಜಿನ್ ಆಯಿಲ್ ಸರಿ. ರೇಡಿಯೇಟರ್ ನೀರು ಸರಿ. ಟಯರ್ ಗಾಳಿ ಸರಿ. ವೈಪರ್ ಸರಿ. ಬ್ರೇಕ್ ಆಯಿಲ್ ಗೆರೆಗೆ ಸರಿ. ಎರಡು ತಿಂಗಳ ಹಿಂದೆ ಒಂದು ಕಡೆ: 'ಬ್ರೇಕ್ ಆಯಿಲ್ ಪೂರ್ತಿ ಹೊಸದು.' ಕೊನೆಯ ಪುಟದಲ್ಲಿ, ಸಾಯುವ ಮೂರು ದಿನದ ಮುಂಚೆ ಬರೆದ ಒಂದು ಸಾಲು ಮಾತ್ರ ಬೇರೆ ತರಹದ್ದು.

'ಕಣ್ಣು. ಮುಂದಿನ ಸೋಮವಾರದವರೆಗೆ. ಆಮೇಲೆ ನಾನೇ.'

"ಪಾಪ, ಕಣ್ಣು ಮಂಜಾಗ್ತಿತ್ತೇನೋ," ಎಂದರು ದಫೇದಾರರು. "ಆಪರೇಷನ್ ಗಿಪರೇಷನ್ ಇತ್ತೇನೋ. ತಿರುವು ಕಾಣದೆ ಹೋಗಿರಬಹುದು."

ಶುಕ್ರವಾರ ಕಣ್ಣಿನ ವೈದ್ಯರು ಆ ಊಹೆಯನ್ನು ಒಂದೇ ಮಾತಲ್ಲಿ ಮುಗಿಸಿದರು. "ಅವರದ್ದು ಹದ್ದಿನ ಕಣ್ಣು. ಹೋದ ತಿಂಗಳು ತಾನೇ ನೋಡಿದ್ದೆ."

*

ಇನ್ನು ಉಳಿದವನು ಮೆಕ್ಯಾನಿಕ್. ಬ್ರೇಕ್ ಆಯಿಲ್ ಬದಲಿಸಿದವನು ಅವನೇ. ಮೇಲಾಗಿ ಹೋದ ತಿಂಗಳು ಯಾರದ್ದೋ ಕಾರಿನ ಚಕ್ರದ ನಟ್ಟು ಸಡಿಲ ಬಿಟ್ಟಿದ್ದಕ್ಕೆ ಟೀಚರ್ ಹದಿನೈದು ಜನರೆದುರು ಅವನ ನೀರಿಳಿಸಿದ್ದರು.

ಶನಿವಾರ ಇನ್‌ಸ್ಪೆಕ್ಟರ್ ಹೋದಾಗ ಜಖಂಗೊಂಡ ಕಾರು ಅವನ ಗ್ಯಾರೇಜಿನಲ್ಲೇ ಇತ್ತು, ಪೊಲೀಸ್ ಕಾವಲಿನಲ್ಲಿ.

"ನಿಮ್ಮ ಮೇಲೆ ಅನುಮಾನ ಇದೆ," ಎಂದಳು ನೇರವಾಗಿ.

"ಇರಬೇಕಾದ್ದೇ. ನಿಮ್ಮ ಜಾಗದಲ್ಲಿದ್ದಿದ್ರೆ ನನಗೂ ಇರ್ತಿತ್ತು." ಅವನು ಕೈ ಒರೆಸಿಕೊಂಡ. "ಬೈದ್ರು, ನಿಜ. ತಪ್ಪು ನಂದೇ ಆಗಿತ್ತು. ಬನ್ನಿ, ನಿಮ್ಮೆದುರೇ ಒಂದು ನೋಡೋಣ."

ಪೊಲೀಸರ ಕಣ್ಣೆದುರೇ ಟೀಚರ್ ಕಾರಿನ ಚಕ್ರದ ಬಳಿಯಿಂದ ಚೂರು ಬ್ರೇಕ್ ಆಯಿಲ್ ತೆಗೆದು ಒಂದು ಪುಟ್ಟ ಡಬ್ಬಿಗೆ ಬಿಟ್ಟ. ಇನ್ನೊಂದಕ್ಕೆ ಹೊಸ ಸೀಸೆ ಒಡೆದು ಹಾಕಿದ. ಎರಡನ್ನೂ ಒಲೆಯ ಮೇಲಿಟ್ಟ. ಹೊಸದು ಸುಮ್ಮನಿತ್ತು. ಟೀಚರ್ ಕಾರಿನದು ಸ್ವಲ್ಪ ಹೊತ್ತಿಗೇ ಬುಳುಬುಳು ಗುಳ್ಳೆಯೆದ್ದು ಕುದಿಯತೊಡಗಿತು.

"ನೀರು," ಎಂದ ಮೆಕ್ಯಾನಿಕ್. "ಬೇಕಾದಷ್ಟು ನೀರು ಬೆರೆಸಿದಾರೆ. ಊರೊಳಗೆ ಓಡಿಸೋವಾಗ ಏನೂ ಗೊತ್ತಾಗಲ್ಲ. ಇಳಿಜಾರಲ್ಲಿ ಬ್ರೇಕ್ ಕಾದ್ರೆ ನೀರು ಕುದಿಯುತ್ತೆ, ಆವಿ ಆಗುತ್ತೆ. ಆವಿ ಒತ್ತಿದ್ರೆ ಏನಿದೆ? ಪೆಡಲ್ ನೆಲಕ್ಕೆ ಹೋಗುತ್ತೆ. ಎರಡು ನಿಮಿಷ ನಿಂತಿದ್ರು ಅಂದ್ರಲ್ಲ ನೀವು, ಗಾಳಿಯಾಡದೆ ಬಿಸಿ ಒಳಗೇ ಕೂತು ಇನ್ನೂ ಏರಿದೆ. ತಣ್ಣಗಾದ ಮೇಲೆ ಆವಿ ಮತ್ತೆ ನೀರಾಗುತ್ತೆ. ಆಗ ಯಾರು ಬಂದು ಒತ್ತಿದ್ರೂ ಬ್ರೇಕ್ ಗಟ್ಟಿ."

ಇನ್‌ಸ್ಪೆಕ್ಟರ್ ಆ ಗುಳ್ಳೆಗಳನ್ನೇ ನೋಡುತ್ತ ನಿಂತಳು.

"ಹಾಕಿದ್ದು ಹೇಗೆ?"

"ಮೇಲಿನ ಡಬ್ಬಿಗೆ ಸುರಿದ್ರೆ ಸಾಲದು. ಚಕ್ರದ ಹತ್ರ ನಿಪ್ಪಲ್ ಅಂತ ಒಂದು ಪುಟ್ಟ ತಿರುಪು ಇರುತ್ತೆ. ಅದನ್ನ ಬಿಚ್ಚಿ, ಹಳೇದನ್ನ ಹರಿಸಿ, ನೀರು ಬೆರೆಸಿದ್ದನ್ನ ಕೆಳಗಿನವರೆಗೂ ಎಳೀಬೇಕು. ಕೆಲಸ ಗೊತ್ತಿದ್ದವನೇ ಮಾಡಿದಾನೆ. ಆದ್ರೆ ಇಲ್ಲಿ ನೋಡಿ." ಅವನು ಟಾರ್ಚ್ ಹಿಡಿದ. ನಿಪ್ಪಲಿನ ಆರು ಮೂಲೆಯೂ ಸವೆದು ಗುಂಡಗಾಗಿದ್ದವು. "ಸ್ಪ್ಯಾನರ್ ಕೂರಿಸೋಕೇ ಬಂದಿಲ್ಲ. ಜಾರಿ ಜಾರಿ ತಿರುಗಿಸಿದಾನೆ. ಮುಂದಿನ ಎರಡೂ ಚಕ್ರದಲ್ಲಿ ಹೀಗೇ. ಮೇಲೆ ಡಬ್ಬಿ ಗೆರೆ ದಾಟಿ ಕಂಠಮಟ್ಟ ತುಂಬಿದೆ, ಸುತ್ತ ಚೆಲ್ಲಿದೆ. ಬ್ರೇಕ್ ಆಯಿಲ್ ಬಿದ್ದ ಕಡೆ ಬಣ್ಣ ಕಿತ್ತು ಬರುತ್ತೆ, ನೋಡಿ. ಒರೆಸೂ ಇಲ್ಲ. ತಲೆ ಪಳಗಿದವನದು, ಕೈ ಮಾತ್ರ ನಿನ್ನೆ ಮೊನ್ನೆ ಕಲಿತವನದು. ನಾನಾಗಿದ್ರೆ ಇಷ್ಟು ಗಲೀಜು ಮಾಡ್ತಿದ್ನಾ?"

"ಸಿಕ್ಕಿಬೀಳಬಾರದು ಅಂತ ಬೇಕಂತಲೇ ಮಾಡಿರಬಹುದು."

ಮೆಕ್ಯಾನಿಕ್ ನಕ್ಕ. ನಗುವಿನಲ್ಲಿ ನೋವಿತ್ತು. "ಸಿಕ್ಕಿಬೀಳಬಾರದು ಅಂದ್ರೆ ಚೊಕ್ಕಟವಾಗಿ ಮಾಡ್ತಿದ್ದೆ ಮೇಡಂ. ಆಗ ನಿಮಗೆ ಈ ಗುರುತು ಒಂದೂ ಸಿಗ್ತಿರಲಿಲ್ಲ."

*

ಭಾನುವಾರ ಬೆಳಿಗ್ಗೆ ಎಂಟಕ್ಕೆ ಇನ್‌ಸ್ಪೆಕ್ಟರಳ ಫೋನ್ ಬಡಿದುಕೊಂಡಿತು. ಎತ್ತಿದವರು ಅವಳ ಅತ್ತೆ. ಎರಡು ಕ್ಷಣ ಕೇಳಿದರು. ಫೋನನ್ನು ಸೋಫಾದ ಮೇಲೆ ಎಸೆದುಬಿಟ್ಟರು.

"ಏನಾಯ್ತತ್ತೆ?"

"ಅವಳೇ ಕಣೇ! ನಿನ್ನ ಟೀಚರ್! ಸತ್ತ ಮೇಲೂ ಫೋನ್ ಮಾಡ್ತಿದಾಳೆ!"

ದಿಂಬುಗಳ ನಡುವಿನಿಂದ ಪರಿಚಿತ ದನಿ ಬರುತ್ತಲೇ ಇತ್ತು. ಇನ್‌ಸ್ಪೆಕ್ಟರಿಗೆ ಆಗ ನೆನಪಾಯಿತು. ಹಳೇ ವಿದ್ಯಾರ್ಥಿಗಳಿಗೆಲ್ಲ ಪ್ರತಿ ಭಾನುವಾರ ಈ ಕರೆ ಬರುತ್ತಿತ್ತು. ವರ್ಷಕ್ಕಾಗುವಷ್ಟು ಪಾಠವನ್ನು ಒಮ್ಮೆಗೇ ಧ್ವನಿಮುದ್ರಿಸಿ ಟೀಚರ್ ಕಂಪ್ಯೂಟರಿಗೆ ಒಪ್ಪಿಸಿದ್ದರು. ನಿಲ್ಲಿಸಿ ಎಂದು ಅದಕ್ಕೆ ಯಾರೂ ಹೇಳಿರಲಿಲ್ಲ. ಈ ಹೊತ್ತು ಊರಿನ ಮನೆಮನೆಯಲ್ಲೂ ಸತ್ತ ಹೆಂಗಸು ಮಾತಾಡುತ್ತಿದ್ದಳು. ಇನ್‌ಸ್ಪೆಕ್ಟರ್ ಫೋನನ್ನು ಕಿವಿಗಿಟ್ಟುಕೊಂಡಳು.

"…ಭಾನುವಾರ ಬಂತು. ಬಾನೆಟ್ ಎತ್ತಿ. ಎಂಜಿನ್ ತಣ್ಣಗಿರಲಿ. ಇವತ್ತು ಬ್ರೇಕ್ ಆಯಿಲ್. ಡಬ್ಬಿ ಮೇಲೆ ಎರಡು ಗೆರೆ ಇದೆ. ಅವೆರಡರ ನಡುವೆ ಇರಬೇಕು. ಕಡಿಮೆಯಾದ್ರೆ ಸುಮ್ಮನೆ ಸುರೀಬೇಡಿ, ಎಲ್ಲಿ ಹೋಯ್ತು ಅಂತ ಮೆಕ್ಯಾನಿಕ್‌ನ ಕೇಳಿ. ನೀರಿನ ಹನಿ ಬೀಳಬಾರದು. ಗೆರೆ ಕಾಣ್ತಿಲ್ವಾ? ಹಾಗಾದ್ರೆ ಬಾನೆಟ್ ಮುಚ್ಚಿ, ಮೊದಲು ಕಣ್ಣು ತೋರಿಸ್ಕೊಂಡು ಬನ್ನಿ…"

ಕರೆ ಮುಗಿಯಿತು.

ಗೆರೆ ಕಾಣ್ತಿಲ್ವಾ?

ಕಂಠಮಟ್ಟ ತುಂಬಿದ ಡಬ್ಬಿ. ಜಾರಿದ ಸ್ಪ್ಯಾನರ್. ಒರೆಸದೆ ಬಿಟ್ಟ ಕಲೆ. ಕೈ ಹೊಸಬನದಲ್ಲ. ಪಳಗಿದ ಕೈಯೇ. ಕಣ್ಣು ಮಾತ್ರ ಹೋಗಿದೆ.

"ಪುಟ್ಟಿ," ಎಂದು ಮಗಳನ್ನು ಕರೆದಳು. ದನಿ ಸಹಜವಾಗಿರಲೆಂದು ಹೆಣಗಿದಳು. "ವ್ಯಾನ್ ಮಾಮ ಈಚೆಗೆ ಹೇಗಿದಾರೆ?"

"ಚೆನ್ನಾಗಿದಾರೆ. ಹೊಸ ಆಟ ಹೇಳಿಕೊಟ್ಟಿದಾರೆ. ಹತ್ತೋವಾಗ ಎಲ್ಲರೂ ಅವರವರ ಹೆಸರು ಕೂಗಬೇಕು. ಸಿಗ್ನಲ್ ಹಸಿರಾದ್ರೆ ಮುಂದೆ ಕೂತವರು 'ಹಸಿರು' ಅಂತ ಕಿರುಚಬೇಕು. ಮೊದಲು ಕಿರುಚಿದವರು ಗೆದ್ದ ಹಾಗೆ. ನಾನು ನಾಲ್ಕು ಸಲ ಗೆದ್ದಿದೀನಿ!"

ಇನ್‌ಸ್ಪೆಕ್ಟರ್ ಮಗಳನ್ನು ಎಳೆದು ಅಪ್ಪಿಕೊಂಡಳು. ಮಗಳು ಉಸಿರು ಕಟ್ಟುತ್ತೆ ಅಂತ ಕೊಸರಾಡಿದರೂ ಬಿಡಲಿಲ್ಲ.

*

ಮಾರನೆಯ ಬೆಳಿಗ್ಗೆ ಆರೂಮುಕ್ಕಾಲು. ಶೆಡ್ಡಿನಲ್ಲಿ ಹಳದಿ ವ್ಯಾನು ಎಂಜಿನ್ ಹೊತ್ತಿಸಿ ನಿಂತಿತ್ತು. ಮೊದಲ ನಿಲ್ದಾಣಕ್ಕೆ ಇನ್ನು ಹತ್ತು ನಿಮಿಷ. ಇನ್‌ಸ್ಪೆಕ್ಟರ್ ಬಾಗಿಲು ತೆರೆದು ಚಾಲಕನ ಪಕ್ಕದಲ್ಲಿ ಕೂತಳು. ದಫೇದಾರರು ಗೇಟಿನ ಮರೆಯಲ್ಲಿ ನಿಂತರು.

"ಯಾರದು?"

"ನಾನು ಅಣ್ಣಾ."

"ಓ, ಅಮ್ಮಾ. ಇಷ್ಟು ಬೇಗ? ಮಗು ಇವತ್ತು ಬರಲ್ವಾ?"

"ಬರ್ತಾಳೆ. ಒಂದು ಸಣ್ಣ ಕೆಲಸ ಇತ್ತು. ಎದುರಿನ ಗೋಡೆ ಮೇಲೆ ಏನು ಬರೆದಿದೆ, ಓದಿ ನೋಡೋಣ."

ವ್ಯಾನ್ ಮಾಮ ಗಾಜಿನಾಚೆ ನೋಡಿದ. ಗೋಡೆ ಇಪ್ಪತ್ತು ಹೆಜ್ಜೆ ದೂರದಲ್ಲಿತ್ತು. ಅವನು ಹಗುರಾಗಿ ನಕ್ಕ.

"ಇದೇನಮ್ಮಾ ಪರೀಕ್ಷೆ? 'ಇಲ್ಲಿ ವಾಹನ ನಿಲ್ಲಿಸಬಾರದು.' ಆಳೆತ್ತರದ ಕೆಂಪಕ್ಷರ. ಇಪ್ಪತ್ತಾರು ವರ್ಷದಿಂದ ನೋಡ್ತಿದೀನಿ."

ಇನ್‌ಸ್ಪೆಕ್ಟರ್ ಕೈ ಚಾಚಿ ಕೀ ತಿರುಗಿಸಿದಳು. ಎಂಜಿನ್ ನಿಂತಿತು.

"ಶನಿವಾರ ಆ ಗೋಡೆಗೆ ಸುಣ್ಣ ಬಳಿದರು ಅಣ್ಣಾ. ಅಲ್ಲೇನೂ ಬರೆದಿಲ್ಲ."

ಅವನು ಗೋಡೆಯ ಕಡೆಗೇ ಮುಖ ಮಾಡಿ ಕೂತ.

"ಟೀಚರ್‌ಗೆ ಯಾವಾಗ ಗೊತ್ತಾಯ್ತು?" ಅವಳೇ ಕೇಳಿದಳು.

"ಹೋದ ಸೋಮವಾರ. ಕಾರಿನ ಪಕ್ಕ ನಿಲ್ಲಿಸೋವಾಗ ವ್ಯಾನು ತಾಗಿಸಿಬಿಟ್ಟೆ. ಮೂರು ಬೆರಳು ತೋರಿಸಿ ಎಷ್ಟು ಅಂದ್ರು. ಐದು ಅಂದೆ. ಒಂದು ವಾರ ಕೊಡ್ತೀನಿ, ನೀನಾಗೇ ಶಾಲೆಗೆ ಹೇಳು, ಇಲ್ಲಾಂದ್ರೆ ನಾನೇ ಹೇಳ್ತೀನಿ ಅಂದ್ರು."

'ಕಣ್ಣು. ಮುಂದಿನ ಸೋಮವಾರದವರೆಗೆ. ಆಮೇಲೆ ನಾನೇ.' ಆ ಸೋಮವಾರವೇ ಇವತ್ತು.

"ಬುಧವಾರ ಬೆಳಗಿನ ಟ್ರಿಪ್ಪು ಮುಗಿಸಿ ಬಂದಿರಿ," ಎಂದಳು ಇನ್‌ಸ್ಪೆಕ್ಟರ್. "ಹತ್ತರಿಂದ ಮೂರರವರೆಗೆ ನಿಮಗೆ ಕೆಲಸ ಇಲ್ಲ. ಟೀಚರ್ ಕಾರು ನಿಲ್ಲಿಸಿ ಒಳಗೆ ಚಿಹ್ನೆಗಳ ಪಾಠದಲ್ಲಿದ್ರು. ಭಾನುವಾರ ಬಿಟ್ಟು ಅವರು ಬಾನೆಟ್ ಎತ್ತಲ್ಲ, ಅದು ಗೊತ್ತಿತ್ತು. ಗುರುವಾರ ಬೆಟ್ಟ ಇಳೀತಾರೆ, ಅದೂ ಗೊತ್ತಿತ್ತು. ನಿಪ್ಪಲ್ ಕೈಗೆ ಸಿಕ್ತು, ಕಣ್ಣಿಗೆ ಸಿಗಲಿಲ್ಲ. ಡಬ್ಬಿಗೆ ಸುರಿದಿರಿ, ಗೆರೆ ಕಾಣಲಿಲ್ಲ. ಚೆಲ್ಲಿದ್ದೂ ಕಾಣಲಿಲ್ಲ. ಕಂಡಿದ್ರೆ ಒರೆಸ್ತಿದ್ರಿ. ಇಪ್ಪತ್ತಾರು ವರ್ಷ ಈ ವ್ಯಾನಿಗೆ ಒಂದು ಕಲೆ ಕೂರೋಕೆ ಬಿಟ್ಟೋರಲ್ಲ ನೀವು."

"ಹೆದರಿಸಬೇಕು ಅಂತಿತ್ತಮ್ಮಾ. ಅಷ್ಟೇ. ಒಂದೆರಡು ತಿಂಗಳು ಆಸ್ಪತ್ರೆಲಿದ್ರೆ…"

"ಒಂದು ಚಕ್ರ ಮುಗಿಸಿ ಇನ್ನೊಂದು ಚಕ್ರಕ್ಕೆ ಹೋಗಿದೀರಿ ಅಣ್ಣಾ. ಎದ್ದು, ಕಾರು ಸುತ್ತಿ, ಮತ್ತೆ ಮಂಡಿಯೂರಿ ಕೂತಿದೀರಿ. ಹೆದರಿಸೋಕೆ ಒಂದು ಸಾಕಾಗಿತ್ತು."

ಅವನು ಸ್ಟೇರಿಂಗನ್ನು ಎರಡೂ ಕೈಯಲ್ಲಿ ಸವರಿದ, ಕುದುರೆಯ ಕತ್ತು ಸವರುವ ಹಾಗೆ.

"ವ್ಯಾನಿಳಿದ್ರೆ ನಾನು ಯಾರಮ್ಮಾ? ಹೆಸರು ಯಾರಿಗೆ ಗೊತ್ತು?" ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದ, "ನಿನ್ನೆ ನನಗೂ ಫೋನ್ ಬಂತು. ಕಣ್ಣು ತೋರಿಸ್ಕೊಂಡು ಬಾ ಅಂದ್ರು. ನನಗೇ ಹೇಳಿದ ಹಾಗಿತ್ತು. ರಾತ್ರಿಯಿಡೀ ಪಕ್ಕದಲ್ಲೇ ಕೂತು ಹೇಳ್ತಾನೇ ಇದ್ರು."

ವ್ಯಾನಿನ ಸಲಕರಣೆ ಪೆಟ್ಟಿಗೆಯಲ್ಲಿ ದಫೇದಾರರಿಗೆ ರಬ್ಬರ್ ನಳಿಕೆ, ಒಂದು ಸ್ಪ್ಯಾನರ್, ಅರ್ಧ ಉಳಿದ ಸೀಸೆ ಸಿಕ್ಕವು. ಅವನು ಅವನ್ನು ಬಚ್ಚಿಟ್ಟಿರಲಿಲ್ಲ. ಯಾವಾಗಲೂ ಇಡುವ ಜಾಗದಲ್ಲೇ ಇಟ್ಟಿದ್ದ. ಬೇರೆಡೆ ಇಟ್ಟರೆ ಮತ್ತೆ ಹುಡುಕಲಾಗುತ್ತಿರಲಿಲ್ಲ.

ಇನ್‌ಸ್ಪೆಕ್ಟರ್ ಮೊದಲು ದಾದಿಗೆ ಫೋನ್ ಮಾಡಿದಳು. ಆಮೇಲೆ ಹದಿನಾಲ್ಕು ಮನೆಗಳಿಗೆ. ಆ ದಿನ ಮಕ್ಕಳು ದೊಡ್ಡವರ ಕೈ ಹಿಡಿದು ನಡೆದೇ ಶಾಲೆಗೆ ಹೋದರು.

*

ಠಾಣೆಯಲ್ಲಿ ದಫೇದಾರರು ಹೇಳಿಕೆ ಬರೆದುಕೊಂಡರು. ಪೂರ್ತಿ ಓದಿ ಹೇಳಿದರು. ವ್ಯಾನ್ ಮಾಮ ಒಂದು ಪದವನ್ನೂ ತಿದ್ದಿಸಲಿಲ್ಲ.

"ಎಲ್ಲಿ ಹಾಕಲಿ?"

"ಕೆಳಗೆ. ಬಲಗಡೆ."

ಅವನು ಪೆನ್ನು ಹಿಡಿದು ಮೇಜಿನ ಮೇಲೆ ಬಾಗಿದ. ನಿಧಾನವಾಗಿ, ದುಂಡಗೆ, ಒಂದೊಂದಕ್ಷರಕ್ಕೂ ಗೌರವ ಕೊಟ್ಟು ತನ್ನ ಪೂರ್ತಿ ಹೆಸರು ಬರೆದ. ಇಷ್ಟು ವರ್ಷದಲ್ಲಿ ಆ ಹೆಸರನ್ನು ಇನ್‌ಸ್ಪೆಕ್ಟರ್ ನೋಡಿದ್ದು ಅದೇ ಮೊದಲು. ಬರೆದದ್ದು ಕಾಗದದ ಮೇಲಲ್ಲ. ಕಾಗದದ ಅಂಚಿನಿಂದ ಎರಡು ಬೆರಳು ಆಚೆ, ಮೇಜಿನ ಮರದ ಮೇಲೆ.

ದಫೇದಾರರು ಕಿಟಕಿಯ ಕಡೆ ತಿರುಗಿಕೊಂಡರು.

"ಸರಿ ಇದೆಯಾ ಅಮ್ಮಾ?" ಎಂದು ಅವನು ಮುಖವೆತ್ತಿ ಕೇಳಿದ.

ಅವನು ಬರೆದ ಜಾಗದ ಮೇಲೆ ಬೆರಳಾಡಿಸಿದ. ಮರದ ಒರಟು ಕೈಗೆ ತಾಗಿತು. ಆರದ ಮಸಿ ಬೆರಳಿಗೆ ಹತ್ತಿತು. ಅಷ್ಟು ದಿನದಲ್ಲಿ ಮೊದಲ ಬಾರಿಗೆ ಅವನು ಬಿಕ್ಕಿ ಬಿಕ್ಕಿ ಅತ್ತ.

ಅಳು ನಿಲ್ಲುವವರೆಗೆ ಇನ್‌ಸ್ಪೆಕ್ಟರ್ ಕಾದಳು. ಆಮೇಲೆ ಅವನ ಮಣಿಕಟ್ಟು ಹಿಡಿದು, ಎತ್ತಿ, ಕಾಗದದ ಮೇಲೆ ಇಟ್ಟಳು.